ರಕ್ತಸ್ರಾವ ಹೆಚ್ಚಾದರೆ ಗರ್ಭಚೀಲ ತೆಗೆಸಲೇಬೇಕೆ?

ಪ್ರಶ್ನೆ: ನನಗೆ 36 ವರ್ಷ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿದ್ದೇನೆ. ಇಬ್ಬರು ಮಕ್ಕಳು. 24ನೇ ವಯಸ್ಸಿನಲ್ಲಿ ಸಂತಾನಹರಣ ಆಪರೇಷನ್ ಆಗಿದೆ. ಎಂಟು ತಿಂಗಳಿಂದ ಮುಟ್ಟಿನಲ್ಲಿ ಎಂಟು-ಒಂಬತ್ತು ದಿನ ವಿಪರೀತ ಸ್ರಾವವಾಗುತ್ತಿದೆ, ಗಡ್ಡೆಗಡ್ಡೆಯಾಗಿ ಹೋಗುತ್ತದೆ. ಬಿಳಿಸೆರಗೂ ಇದೆ. ಹಿಮೋಗ್ಲೋಬಿನ್ 7.6 ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ‘ಗರ್ಭಕೋಶ ದಪ್ಪ ಇದೆ, ಗೋಡೆಯಲ್ಲಿ 3.2 ಸೆಂ.ಮೀ. ಫೈಬ್ರಾಯ್ಡ್ ಇದೆ, ಒಳಪೊರೆ 12 ಮಿ.ಮೀ.’ ಎಂದು ಬರೆದಿದ್ದಾರೆ. ಹತ್ತು ದಿನ ಮಾತ್ರೆ ಕೊಟ್ಟರು, ನಿಂತು ಮತ್ತೆ ಶುರುವಾಯಿತು. ಗರ್ಭಚೀಲದ ಬಾಯಿಗೆ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಮಕ್ಕಳಾಗಿವೆಯಲ್ಲ, ಚೀಲವನ್ನೂ ಅಂಡಾಶಯಗಳನ್ನೂ ತೆಗೆಸಿಬಿಡಿ ಎಂದು ಖಾಸಗಿ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಮನೆಯವರೂ ಒಪ್ಪಿದ್ದಾರೆ. ನನಗೆ ಹೆದರಿಕೆ. ಬೇರೆ ದಾರಿ ಇದೆಯೇ? ತೆಗೆಸಿದರೆ ದುಡಿಯುವ ಶಕ್ತಿ ಹೋಗುತ್ತದೆಯೇ?

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಬರೆದಿರುವ ವಿವರಗಳಲ್ಲಿ ಗರ್ಭಕೋಶವನ್ನು ಈಗಲೇ ತೆಗೆಯಬೇಕು ಎನ್ನುವುದಕ್ಕೆ ಒಂದು ಕಾರಣವೂ ನನಗೆ ಕಾಣಲಿಲ್ಲ. ಅಂಡಾಶಯಗಳನ್ನು ತೆಗೆಯಲು ಮೊದಲೇ ಇಲ್ಲ. ನಿಮ್ಮನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಕೊನೆಯ ತೀರ್ಮಾನವನ್ನು ನಿಮ್ಮನ್ನು ಕಣ್ಣಾರೆ ನೋಡುವ ವೈದ್ಯರೇ ಹೇಳಬೇಕು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಆಗಬೇಕಾದ ಹಲವು ಕೆಲಸಗಳು ನಿಮ್ಮ ವಿಷಯದಲ್ಲಿ ಇನ್ನೂ ಆಗಿಲ್ಲ. ಈ ನಡುವೆ ತಡಮಾಡದೆ ಚಿಕಿತ್ಸೆ ಆಗಬೇಕಾದದ್ದು ನಿಮ್ಮ ರಕ್ತಹೀನತೆಗೆ. 7.6 ಎನ್ನುವುದು ಸಣ್ಣ ಸಂಗತಿಯಲ್ಲ.

ಅತಿಸ್ರಾವ ಎನ್ನುವುದು ಒಂದು ಲಕ್ಷಣ, ಕಾಯಿಲೆಯ ಹೆಸರಲ್ಲ. ಜ್ವರ ಬಂದವರಿಗೆ ಅದು ಮಲೇರಿಯಾವೋ ಟೈಫಾಯ್ಡೋ ಎಂದು ನೋಡದೆ ಔಷಧಿ ಕೊಡುವುದು ಹೇಗೆ ತಪ್ಪೋ, ಸ್ರಾವದ ಮೂಲ ಹುಡುಕದೆ ಗರ್ಭಕೋಶಕ್ಕೆ ಕೈಹಾಕುವುದೂ ಹಾಗೆಯೇ ತಪ್ಪು. ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟವಾದ ಫಿಗೋ 2011ರಲ್ಲಿ ಈ ಮೂಲಗಳನ್ನು ಒಂಬತ್ತು ಗುಂಪುಗಳಾಗಿ ವಿಂಗಡಿಸಿತು. ಮೊದಲ ನಾಲ್ಕು ಗರ್ಭಕೋಶದ ರಚನೆಯಲ್ಲೇ ಇರುವ ತೊಂದರೆಗಳು: ಒಳಪೊರೆಯಲ್ಲಿ ಬೆಳೆಯುವ ಸಣ್ಣ ಗಂಟಾದ ಪಾಲಿಪ್, ಒಳಪೊರೆಯು ಸ್ನಾಯುವಿನೊಳಕ್ಕೆ ಇಳಿದುಕೊಳ್ಳುವ ಅಡಿನೋಮಯೋಸಿಸ್, ಫೈಬ್ರಾಯ್ಡ್, ಹಾಗೂ ಕ್ಯಾನ್ಸರ್ ಅಥವಾ ಅದರ ಪೂರ್ವಸ್ಥಿತಿ. ಉಳಿದ ಐದು ಸ್ಕ್ಯಾನಿಂಗ್‌ನಲ್ಲಿ ಗಡ್ಡೆಯಂತೆ ಕಾಣುವಂಥವಲ್ಲ: ರಕ್ತ ಹೆಪ್ಪುಗಟ್ಟುವುದರಲ್ಲಿನ ದೋಷ, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು, ಒಳಪೊರೆಯದೇ ಏರುಪೇರು, ಕಾಪರ್-ಟಿ ಅಥವಾ ಔಷಧಿಗಳ ಪರಿಣಾಮ, ಮತ್ತು ಈ ಯಾವುದಕ್ಕೂ ಸೇರದ ಕೆಲವು. ಥೈರಾಯ್ಡ್ ಗ್ರಂಥಿ ಮಂದವಾದರೆ ಅಂಡಾಣುವಿನ ಬಿಡುಗಡೆ ತಪ್ಪಿ ಮುಟ್ಟು ಹೆಚ್ಚಾಗುತ್ತದೆ. ಅದಕ್ಕೆ ಬೇಕಾದದ್ದು ಬೆಳಗಿನ ಒಂದು ಮಾತ್ರೆ. ಮೊದಲ ಮುಟ್ಟಿನಿಂದಲೂ ಸ್ರಾವ ಹೆಚ್ಚಿದ್ದು, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಕಷ್ಟವಾಗಿದ್ದರೆ ವಾನ್ ವಿಲ್ಲೆಬ್ರಾಂಡ್ ಎಂಬ ಹುಟ್ಟಿನಿಂದಲೇ ಬರುವ ರಕ್ತದ ದೋಷವನ್ನು ನೆನೆಯಬೇಕು. ಅಂಥವರನ್ನು ನೇರ ಆಪರೇಷನ್ ಮೇಜಿಗೆ ಒಯ್ದರೆ ಅಲ್ಲೇ ಅಪಾಯ ಕಾದಿರುತ್ತದೆ. ನೀವು ಬರೆದ ಪರೀಕ್ಷೆಗಳಲ್ಲಿ ಥೈರಾಯ್ಡಿನ ಹೆಸರೇ ಇಲ್ಲ.

ಈಗ ನಿಮ್ಮ ಸ್ಕ್ಯಾನಿಂಗ್ ವರದಿಗೆ ಬರುತ್ತೇನೆ. ನಿಮ್ಮನ್ನು ಹೆದರಿಸಿರುವುದು ಅದರ ಮೂರು ಸಾಲುಗಳು.

‘ಗರ್ಭಕೋಶ ದಪ್ಪ ಇದೆ’ ಎಂಬ ಮಾತು ನಮ್ಮಲ್ಲಿ ಬರುವ ವರದಿಗಳಲ್ಲಿ ಪದೇಪದೇ ಕಾಣುವಂಥದ್ದು. ಎರಡು ಮಕ್ಕಳನ್ನು ಹೊತ್ತ ಗರ್ಭಕೋಶವು ಹೆರದವಳ ಗರ್ಭಕೋಶಕ್ಕಿಂತ ತುಸು ದೊಡ್ಡದಾಗಿರುವುದು ಸಹಜ. ಅಡಿನೋಮಯೋಸಿಸ್‌ನಲ್ಲೂ ಅದು ಉಬ್ಬುತ್ತದೆ, ನಿಜ. ಆಗ ಸಾಮಾನ್ಯವಾಗಿ ಮುಟ್ಟಿನಲ್ಲಿ ನೋವು ವಿಪರೀತವಾಗಿರುತ್ತದೆ ಮತ್ತು ಸ್ಕ್ಯಾನಿಂಗ್‌ನಲ್ಲಿ ಅದರದೇ ಆದ ಗುರುತುಗಳಿರುತ್ತವೆ, ಅವನ್ನು ಹೆಸರಿಸಿ ಬರೆಯಬೇಕು. ಬರೇ ‘ದಪ್ಪ’ ಎಂದಷ್ಟೇ ಬರೆದರೆ ಅದು ರೋಗದ ಹೆಸರಾಗುವುದಿಲ್ಲ.

ಒಳಪೊರೆಯ 12 ಮಿ.ಮೀ. ಕುರಿತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಒಂದು ಅಂಕಿಯನ್ನು ತಪ್ಪಾಗಿ ಓದಿ ಹೆದರಿ ಬಂದ ಅನೇಕ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಮುಟ್ಟು ಸಂಪೂರ್ಣ ನಿಂತು ಹೋದ ಮೇಲೆ ರಕ್ತ ಕಂಡರೆ ಒಳಪೊರೆ 4 ಮಿ.ಮೀ.ಗಿಂತ ದಪ್ಪವಿದೆಯೇ ಎಂದು ನೋಡುತ್ತೇವೆ, ಇದ್ದರೆ ಮುಂದಿನ ತಪಾಸಣೆ ಮಾಡುತ್ತೇವೆ. ಆ ಗೆರೆ ಮುಟ್ಟು ನಿಂತವರಿಗೆ ಮಾತ್ರ. ಮುಟ್ಟಾಗುತ್ತಿರುವ ಹೆಂಗಸಿನಲ್ಲಿ ಒಳಪೊರೆ ಪ್ರತಿ ತಿಂಗಳೂ ಬೆಳೆದು, ಕಳಚಿ, ಮತ್ತೆ ಬೆಳೆಯುತ್ತದೆ. ಸ್ರಾವ ಮುಗಿದ ಮರುದಿನ ಅದು ತೆಳುವಾದ ಗೆರೆಯಂತಿರುತ್ತದೆ, ಮುಂದಿನ ಮುಟ್ಟಿಗೆ ನಾಲ್ಕು ದಿನವಿರುವಾಗ 12 ಏಕೆ, 16 ಮಿ.ಮೀ. ಇದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ನಿಮ್ಮ ಸ್ಕ್ಯಾನಿಂಗ್ ಮುಟ್ಟಿನ ಎಷ್ಟನೆಯ ದಿನ ಆಯಿತು ಎಂಬುದು ಗೊತ್ತಿಲ್ಲದೆ ಈ ಅಂಕಿಗೆ ಅರ್ಥವೇ ಇಲ್ಲ. ಸ್ರಾವ ನಿಂತ ಒಂದೆರಡು ದಿನಗಳಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಅನ್ನು ಇನ್ನೊಮ್ಮೆ ಮಾಡಿಸಿ. ಆಗಲೂ ಒಳಪೊರೆ ದಪ್ಪವಾಗಿ ಅಥವಾ ಅಂಕುಡೊಂಕಾಗಿ ಕಂಡರೆ, ನಿಮಗೆ ಸಕ್ಕರೆ ಕಾಯಿಲೆ, ಅತಿ ಸ್ಥೂಲಕಾಯ ಅಥವಾ ತಿಂಗಳುಗಟ್ಟಲೆ ಮುಟ್ಟು ತಪ್ಪುವ ಪಿಸಿಓಎಸ್ ಇದ್ದರೆ, ಎರಡು ಮುಟ್ಟುಗಳ ನಡುವೆ ರಕ್ತ ಕಾಣುತ್ತಿದ್ದರೆ, ಇಲ್ಲವೇ ಸರಿಯಾದ ಔಷಧಿಗೂ ಸ್ರಾವ ಬಗ್ಗದಿದ್ದರೆ ಒಳಪೊರೆಯ ಒಂದು ಚೂರನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕಾಗುತ್ತದೆ. ಪಿಪೆಲ್ ಎಂಬ ತೆಳ್ಳನೆಯ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ, ಅರಿವಳಿಕೆ ಇಲ್ಲದೆ, ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಪರೀಕ್ಷೆ ಇದು. ಕ್ಯಾನ್ಸರ್ ಎಂಬ ಶಂಕೆ ನಿಜವಾಗಿಯೂ ಇದ್ದಿದ್ದರೆ ನಿಮಗೆ ಮೊದಲು ಹೇಳಬೇಕಾಗಿದ್ದದ್ದು ಈ ಬಯಾಪ್ಸಿಯನ್ನು. ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ, ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸದೆ, ನೇರ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವುದನ್ನು ನಾನು ಒಪ್ಪಲಾರೆ.

ಫೈಬ್ರಾಯ್ಡ್ ಎಂಬುದು ಗರ್ಭಕೋಶದ ಸ್ನಾಯುವಿನ ಗಂಟು. ಇವು ಬಹಳ ಸಾಮಾನ್ಯ; ಅನೇಕರಿಗೆ ಇರುವುದೇ ಗೊತ್ತಾಗದೆ ಮುಟ್ಟು ನಿಂತ ಮೇಲೆ ತಾವಾಗಿ ಕುಗ್ಗುತ್ತವೆ. ಅವು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗಂಟು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಸ್ರಾವದ ಮಟ್ಟಿಗೆ ಮುಖ್ಯ. ಒಳಪೊರೆಯ ಕಡೆಗೆ ಉಬ್ಬಿದ ಒಂದೂವರೆ ಸೆಂಟಿಮೀಟರಿನ ಗಂಟು ಹೆಂಗಸನ್ನು ಹಾಸಿಗೆ ಹಿಡಿಸುವಷ್ಟು ರಕ್ತ ಹರಿಸಬಲ್ಲದು, ಹೊರಮೈಗೆ ಅಂಟಿದ ಆರು ಸೆಂಟಿಮೀಟರಿನದು ಮುಟ್ಟಿನ ಮೇಲೆ ಏನೂ ಪರಿಣಾಮ ಮಾಡದಿರಬಹುದು. ನಿಮ್ಮದು ಗೋಡೆಯಲ್ಲಿದೆ ಎಂದಿದ್ದಾರೆ. ಅದು ಒಳಗಿನ ಜಾಗವನ್ನು ತಳ್ಳುತ್ತಿದೆಯೇ ಎಂದು ಮುಂದಿನ ಸ್ಕ್ಯಾನಿಂಗ್‌ನಲ್ಲಿ ಕೇಳಿ ಬರೆಸಿಕೊಳ್ಳಿ. ಒಳಕ್ಕೆ ಉಬ್ಬಿದ್ದರೆ ಹಿಸ್ಟರೋಸ್ಕೋಪಿಯಿಂದ, ಅಂದರೆ ಹೊಟ್ಟೆ ಕೊಯ್ಯದೆ ಗರ್ಭಕೋಶದ ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ, ಅದೊಂದನ್ನೇ ಕತ್ತರಿಸಿ ತೆಗೆಯಬಹುದು.

ಇನ್ನು ‘ಬಾಯಿಗೆ ಹುಣ್ಣು’. ಗರ್ಭಕೋಶದ ಕೊರಳಿನ ಒಳಮೈಯನ್ನು ಹೊದ್ದ ಕೆಂಪು ಪದರ ಕೆಲವರಲ್ಲಿ ಹೊರಬಾಯಿಯವರೆಗೆ ಚಾಚಿಕೊಂಡಿರುತ್ತದೆ. ಬರಿಗಣ್ಣಿಗೆ ಅದು ಗಾಯದಂತೆ ಕೆಂಪಗೆ ಕಾಣುವುದರಿಂದ ಹಳೆಯ ಕಾಲದಲ್ಲಿ ಅದಕ್ಕೆ ಹುಣ್ಣು ಎಂಬರ್ಥದ ಹೆಸರನ್ನೇ ಇಟ್ಟರು, ಆ ಹೆಸರು ಇಂದಿಗೂ ಹೆಂಗಸರನ್ನು ಹೆದರಿಸುತ್ತಿದೆ. ಅದು ಹುಣ್ಣೂ ಅಲ್ಲ, ಕ್ಯಾನ್ಸರಿಗೆ ಮೊದಲ ಮೆಟ್ಟಿಲೂ ಅಲ್ಲ. ಸ್ವಲ್ಪ ಬಿಳಿಸೆರಗು ಅದರಿಂದ ಬರಬಹುದು. ಬಿಳಿಸೆರಗಿನಲ್ಲಿ ತುರಿಕೆ, ಮೊಸರೊಡೆದಂಥ ಗರಣೆ, ಮೀನಿನಂಥ ವಾಸನೆ ಅಥವಾ ಹಸಿರು-ಹಳದಿ ಬಣ್ಣವಿದ್ದರೆ ಅದು ಸೋಂಕು, ಮಾತ್ರೆಗಳಿಂದ ವಾಸಿಯಾಗುವಂಥದ್ದು. ಕೆಲವು ಸೋಂಕುಗಳಲ್ಲಿ ಗಂಡನೂ ಮಾತ್ರೆ ತೆಗೆದುಕೊಳ್ಳದಿದ್ದರೆ ಮರುಕಳಿಸುತ್ತದೆ. ಬಿಳಿಸೆರಗಿಗಾಗಿ ಗರ್ಭಕೋಶ ತೆಗೆಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಹಾಗೆಂದು ಕೊರಳಿನ ಕ್ಯಾನ್ಸರನ್ನು ಹಗುರವಾಗಿ ಎಣಿಸಬೇಡಿ. ಅದು ಬಹುತೇಕ ಹೆಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕಿನಿಂದ, ಹತ್ತು-ಹದಿನೈದು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಅಷ್ಟು ಕಾಲಾವಕಾಶ ಇರುವುದರಿಂದಲೇ ಮುಂಚಿತ ತಪಾಸಣೆಗೆ ಬೆಲೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ, ಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲ ಸವರಿ ಬಣ್ಣ ನೋಡುವ ಪರೀಕ್ಷೆಯಿದೆ. ಪ್ಯಾಪ್ ಪರೀಕ್ಷೆ ಅಥವಾ ಹೆಚ್‌ಪಿವಿ ಪರೀಕ್ಷೆ ಸಿಗುವಲ್ಲಿ ಅದನ್ನೂ ಮಾಡಿಸಬಹುದು. ನಿಮಗೆ 36, ಒಮ್ಮೆಯೂ ಆಗಿಲ್ಲವೆಂದಾದರೆ ಈಗ ಮಾಡಿಸಿಕೊಳ್ಳಿ. ವರದಿ ಸರಿಯಿದ್ದರೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತಿನ ಭಾರ ನಿಮ್ಮ ಎದೆಯಿಂದ ಇಳಿಯುತ್ತದೆ.

ಔಷಧಿಯ ವಿಷಯ. ಹತ್ತು ದಿನ ಮಾತ್ರೆ ತಿಂದು ಬಿಟ್ಟ ಮೇಲೆ ಸ್ರಾವ ಮರುಕಳಿಸಿದ್ದನ್ನು ‘ಔಷಧಿ ಹತ್ತಲಿಲ್ಲ’ ಎಂದು ತಿಳಿಯಬೇಡಿ. ಆ ಮಾತ್ರೆ ಹಾರ್ಮೋನಿನದಾಗಿದ್ದರೆ, ಬಿಟ್ಟ ಎರಡು-ಮೂರು ದಿನಕ್ಕೆ ಸ್ರಾವ ಬರುವುದು ಅದರ ಸ್ವಭಾವವೇ. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಕನಿಷ್ಠ ಮೂರು ಮುಟ್ಟುಗಳವರೆಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಸ್ರಾವದ ದಿನಗಳಲ್ಲಿ ಮಾತ್ರ, ನಾಲ್ಕೈದು ದಿನ ತೆಗೆದುಕೊಂಡರೆ ರಕ್ತನಷ್ಟ ಸುಮಾರು ಅರ್ಧಕ್ಕಿಳಿಯುತ್ತದೆ. ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹಿಂದೆ ಹೆಪ್ಪುಗಟ್ಟಿದ್ದವರಿಗೆ ಇದು ಕೂಡದು. ನೋವೂ ಇದ್ದರೆ ಮೆಫೆನಾಮಿಕ್ ಆಸಿಡ್ ಜೊತೆಗೆ ಕೊಡುತ್ತಾರೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ, ‘ಸಹೇಲಿ’ ಮತ್ತು ‘ಛಾಯಾ’ ಎಂಬ ಹೆಸರಿನಲ್ಲಿ ಗರ್ಭನಿರೋಧಕವಾಗಿ ನಮ್ಮ ಆಶಾ ಕಾರ್ಯಕರ್ತೆಯರಿಗೂ ಪರಿಚಿತವಾದ ಆರ್ಮೆಲಾಕ್ಸಿಫೀನ್ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ, ವಾರಕ್ಕೆರಡು ಬಾರಿ, ಅತಿಸ್ರಾವಕ್ಕೆ ಬಳಸುತ್ತೇವೆ. ಬೆಲೆ ಕಡಿಮೆ, ದಿನಾ ನೆನಪಿಟ್ಟು ನುಂಗುವ ಕಷ್ಟವೂ ಇಲ್ಲ.

ನಿಮ್ಮಂಥವರಿಗೆ ನಾನು ಹೆಚ್ಚಾಗಿ ಸೂಚಿಸುವುದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವನ್ನು. ಕಾಪರ್-ಟಿಯಂತೆಯೇ ಕಾಣುತ್ತದೆ, ಆದರೆ ತಾಮ್ರದ ಬದಲು ಅದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುತ್ತದೆ. ದಿನಕ್ಕೆ ಒಂದಿಷ್ಟು ಮೈಕ್ರೋಗ್ರಾಂನಷ್ಟೇ ಹೊರಬಿಡುತ್ತ ಒಳಪೊರೆಯನ್ನು ತೆಳುವಾಗಿರಿಸುತ್ತದೆ. ಸ್ರಾವವನ್ನು ಶೇಕಡ 90ರವರೆಗೆ ತಗ್ಗಿಸಬಲ್ಲದು, ಐದು ವರ್ಷ ಕೆಲಸ ಮಾಡುತ್ತದೆ. ‘ಆಪರೇಷನ್ ಆಗಿದೆಯಲ್ಲ, ನನಗೇಕೆ ವಂಕಿ’ ಎಂದು ಅನೇಕರು ಕೇಳುತ್ತಾರೆ. ಇಲ್ಲಿ ಅದನ್ನು ಹಾಕುವುದು ಗರ್ಭ ತಡೆಯಲು ಅಲ್ಲ, ಸ್ರಾವದ ಚಿಕಿತ್ಸೆಗೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿಹನಿಯಾಗಿ ರಕ್ತ ಕಾಣುವುದುಂಟು, ಇದನ್ನು ಮೊದಲೇ ಹೇಳದೆ ಹಾಕಿದರೆ ಹೆಂಗಸರು ಬೇಸತ್ತು ಎರಡನೇ ತಿಂಗಳಿಗೇ ತೆಗೆಸಿಬಿಡುತ್ತಾರೆ. ಕೆಲವು ಸಾವಿರ ರೂಪಾಯಿ ಖರ್ಚು ಬರುತ್ತದೆ, ಆಪರೇಷನ್ನಿನ ಖರ್ಚಿಗೆ ಹೋಲಿಸಿದರೆ ಬಹಳ ಕಡಿಮೆ. ಫಿನ್ಲೆಂಡಿನಲ್ಲಿ ಅತಿಸ್ರಾವದ 236 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಈ ಸಾಧನವನ್ನೂ ಉಳಿದವರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯನ್ನೂ ಕೊಟ್ಟು ಐದು ವರ್ಷ ಗಮನಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧನ ಪಡೆದವರಲ್ಲಿ ಶೇಕಡ 42 ಮಂದಿ ಕೊನೆಗೆ ಗರ್ಭಕೋಶ ತೆಗೆಸಬೇಕಾಯಿತು, ಅದನ್ನು ಮುಚ್ಚಿಡಬಾರದು. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಬೇಕೇ ಆಗಲಿಲ್ಲ, ಎರಡೂ ಗುಂಪುಗಳ ಹೆಂಗಸರ ಜೀವನದ ನೆಮ್ಮದಿ ಒಂದೇ ಮಟ್ಟದಲ್ಲಿತ್ತು.

ಗರ್ಭಕೋಶ ತೆಗೆಯುವುದೇ ಸರಿಯಾದ ಚಿಕಿತ್ಸೆಯಾಗುವ ಸಂದರ್ಭಗಳು ಖಂಡಿತ ಇವೆ. ಕ್ಯಾನ್ಸರ್, ಅದರ ಹೊಸ್ತಿಲಲ್ಲಿರುವ ಒಳಪೊರೆಯ ಬದಲಾವಣೆ, ಹೊಟ್ಟೆ ತುಂಬಿದ ಫೈಬ್ರಾಯ್ಡುಗಳು, ಔಷಧಿಗೂ ಸಾಧನಕ್ಕೂ ಬಗ್ಗದ ಅಡಿನೋಮಯೋಸಿಸ್, ಇಂಥವುಗಳಲ್ಲಿ ನಾನೇ ಮುಂದೆ ನಿಂತು ಮಾಡಿಸಿಕೊಳ್ಳಿ ಎನ್ನುತ್ತೇನೆ, ಮಾಡಿಸಿಕೊಂಡವರು ನೆಮ್ಮದಿಯಾಗಿದ್ದಾರೆ ಕೂಡ. ಆಗಲೂ 36ರ ವಯಸ್ಸಿನಲ್ಲಿ ಆರೋಗ್ಯವಾಗಿರುವ ಅಂಡಾಶಯಗಳನ್ನು ಉಳಿಸಬೇಕು.

ಅದಕ್ಕೆ ಕಾರಣ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ. ದುಡಿಯುವ ಶಕ್ತಿಯನ್ನು ಗರ್ಭಕೋಶ ಕೊಡುವುದಿಲ್ಲ. ಆದರೆ ಅಂಡಾಶಯದಿಂದ ಬರುವ ಈಸ್ಟ್ರೋಜನ್ ನಿಮ್ಮ ಮೂಳೆ, ಹೃದಯ, ನಿದ್ದೆ, ಮನಸ್ಸಿನ ಸಮಾಧಾನ ಎಲ್ಲವನ್ನೂ ಕಾಯುತ್ತಿದೆ. ಎರಡೂ ಅಂಡಾಶಯ ತೆಗೆದ ದಿನವೇ ಮುಟ್ಟು ನಿಂತವರ ಸ್ಥಿತಿ ಬಂದುಬಿಡುತ್ತದೆ, ಅದೂ ಹತ್ತು ವರ್ಷ ಮುಂಚೆ. ಮೈಯೆಲ್ಲ ಬಿಸಿಯೇರಿ ಬೆವರುವುದು, ಯೋನಿ ಒಣಗುವುದು ತಕ್ಷಣದ ತೊಂದರೆಗಳಾದರೆ, ಮೂಳೆ ಸವೆತ ಸದ್ದಿಲ್ಲದೆ ನಡೆದು ಹದಿನೈದು ವರ್ಷಗಳ ಮೇಲೆ ಬೆನ್ನು ಬಾಗಿದಾಗ ತಿಳಿಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ದೀರ್ಘ ಅಧ್ಯಯನದಲ್ಲಿ, 45ಕ್ಕೆ ಮೊದಲು ಎರಡೂ ಅಂಡಾಶಯ ಕಳೆದುಕೊಂಡು ಈಸ್ಟ್ರೋಜನ್ ಪಡೆಯದ ಹೆಂಗಸರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ನಮ್ಮ ಹಳ್ಳಿಗಳಲ್ಲಿ ಅಂಡಾಶಯ ತೆಗೆದ ಮೇಲೆ ಹಾರ್ಮೋನ್ ಮಾತ್ರೆ ಬರೆದುಕೊಟ್ಟು, ವರ್ಷಗಟ್ಟಲೆ ಕರೆದು ನೋಡುವವರು ಎಷ್ಟು ಜನ? ‘ಚೀಲ ತೆಗೆಸಿದಾಗಿನಿಂದ ಸೊಂಟ ನಿಲ್ಲುವುದಿಲ್ಲ’ ಎಂದು ನಿಮ್ಮ ಓಣಿಯ ಹೆಂಗಸರು ಹೇಳುವುದನ್ನು ನೀವು ಕೇಳಿರಬಹುದು. ಅವರ ಮಾತನ್ನು ಬರೇ ಭಾವನೆ ಎಂದು ತಳ್ಳಿಹಾಕಬಾರದು, ಎಷ್ಟೋ ಸಲ ಅವರಿಗೇ ತಿಳಿಯದಂತೆ ಅಂಡಾಶಯಗಳೂ ಹೋಗಿರುತ್ತವೆ. ಅಂಡಾಶಯ ಉಳಿಸಿದರೂ, ಗರ್ಭಕೋಶ ತೆಗೆದವರಲ್ಲಿ ಅವು ಕೆಲವು ವರ್ಷ ಬೇಗ ಸುಸ್ತಾಗುವುದನ್ನು ಕಂಡಿದ್ದೇವೆ.

ನಿಮಗೆ ಈಗ ಸುಸ್ತು, ಮೆಟ್ಟಿಲೇರಿದರೆ ಏದುಸಿರು, ಹೊಲಿಗೆ ಯಂತ್ರದ ಮುಂದೆ ಕೂತಾಗ ತಲೆಸುತ್ತು ಆಗುತ್ತಿದ್ದರೆ, ಅವು ರಕ್ತಹೀನತೆಯವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಸುತ್ತಲಿನ ಅರ್ಧ ಹೆಂಗಸರು ಹೀಗೇ ಇರುವುದರಿಂದ ಅದು ಕಾಯಿಲೆ ಎಂದೇ ಯಾರಿಗೂ ಅನ್ನಿಸುವುದಿಲ್ಲ. 8ಕ್ಕಿಂತ ಕೆಳಗಿನದನ್ನು ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಎಂದು ಎಣಿಸುತ್ತದೆ. ಸ್ರಾವ ಮುಂದುವರಿದಿರುವಾಗ ಮಾತ್ರೆಯೊಂದರಿಂದಲೇ ಇದು ತುಂಬುವುದು ನಿಧಾನ, ಆದ್ದರಿಂದ ನರಕ್ಕೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡುವ ಬಗ್ಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಮಾತ್ರೆಯನ್ನೂ ತೆಗೆದುಕೊಳ್ಳುವುದಾದರೆ ನಿಂಬೆಹಣ್ಣಿನ ನೀರಿನೊಂದಿಗೆ ನುಂಗಿ, ಅದರ ಹಿಂದೆಮುಂದೆ ಒಂದು ತಾಸು ಚಹಾ ಬೇಡ; ಚಹಾ ಕಬ್ಬಿಣಾಂಶವನ್ನು ರಕ್ತ ಸೇರಲು ಬಿಡುವುದಿಲ್ಲ. 7.6ರಲ್ಲಿ ತುರ್ತಿಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ನಿಮ್ಮ ಅಪಾಯವನ್ನು ಸುಮ್ಮನೆ ಹೆಚ್ಚಿಸಿಕೊಂಡಂತೆ.

ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ, ನಿಮ್ಮದು ಒಬ್ಬರ ಕಥೆಯಲ್ಲ. 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿಕೊಂಡ 49 ವರ್ಷದೊಳಗಿನ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಅದು 34ರೊಳಗೇ ಆಗಿತ್ತು, ಮೂರರಲ್ಲಿ ಎರಡು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು, ಅರ್ಧಕ್ಕಿಂತ ಹೆಚ್ಚಿನವರು ಹೇಳಿದ ಕಾರಣ ಅತಿಸ್ರಾವ ಅಥವಾ ಹೊಟ್ಟೆನೋವು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬಿಳಿಸೆರಗು, ಹೊಟ್ಟೆನೋವು ಎಂದು ಹೋಗಿ ಗರ್ಭಕೋಶ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ರಾಜ್ಯದ ಮುಂದೆ ಬಂತು. ನಿಮ್ಮ ಗಡಿಯಾಚೆ, ನಮ್ಮ ಕಡೆಯ ಕಬ್ಬಿನ ಗದ್ದೆಗಳಿಗೂ ಕಟಾವಿಗೆ ಬರುವ ಬೀಡ್ ಜಿಲ್ಲೆಯ ಹೆಂಗಸರ ಕುರಿತು 2019ರಲ್ಲಿ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿ 82 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಮೀಕ್ಷೆ ಮಾಡಿ, 13 ಸಾವಿರಕ್ಕೂ ಮಿಕ್ಕಿ ಹೆಂಗಸರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ ಎಂದು ಲೆಕ್ಕ ಕೊಟ್ಟಿತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು; ಡಾ. ನರೇಂದ್ರ ಗುಪ್ತಾ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ನಿರ್ದೇಶಿಸಿತು.

ಮನೆಯವರು ಒಪ್ಪಿದ್ದಾರೆ ಎಂದು ಬರೆದಿದ್ದೀರಿ. ಒಪ್ಪಿಗೆ ಬೇಕಾದದ್ದು ನಿಮ್ಮದು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಪ್ತ ವಯಸ್ಕಳಾದ ರೋಗಿಯ ಬದಲು ಬೇರೆಯವರು ಕೊಟ್ಟ ಒಪ್ಪಿಗೆ ಸಲ್ಲದು, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ಒಂದಕ್ಕೆ ಕೊಟ್ಟ ಒಪ್ಪಿಗೆಯಲ್ಲಿ ಇನ್ನೊಂದನ್ನು ಮಾಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ನಿಮ್ಮ ಗಂಡನನ್ನು ಜೊತೆಗೆ ಕರೆದುಕೊಂಡೇ ಎರಡನೇ ವೈದ್ಯರ ಬಳಿ ಹೋಗಿ, ಅವರೂ ಕೇಳಿಸಿಕೊಳ್ಳಲಿ. ಹೆದರಿಕೆ ಅವರಿಗೂ ಇರುತ್ತದೆ. ಸ್ಕ್ಯಾನಿಂಗ್ ಚಿತ್ರ, ರಕ್ತಪರೀಕ್ಷೆ, ತಿಂದ ಮಾತ್ರೆಯ ಚೀಟಿ ಎಲ್ಲದರ ಪ್ರತಿ ಕೇಳಿ ಪಡೆಯಿರಿ, ಅದನ್ನು ಕೊಡುವುದು ಆಸ್ಪತ್ರೆಯ ಕರ್ತವ್ಯ. ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಯಾವುದಾದರೂ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿದರೆ ಈ ಎಲ್ಲ ಪರೀಕ್ಷೆಗಳೂ ಒಂದೇ ಕಡೆ ಆಗಬಹುದು.

ಅಲ್ಲಿಗೆ ಹೋಗುವ ಮೊದಲು ಮುಂದಿನ ಮುಟ್ಟು ಬಂದರೆ, ಎಷ್ಟನೇ ದಿನ ಎಷ್ಟು ಪ್ಯಾಡ್ ಬದಲಾಯಿಸಿದಿರಿ, ಗಡ್ಡೆಗಳು ಎಷ್ಟು ದೊಡ್ಡವು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರಿಗೆ ಅದು ಬಹಳ ನೆರವಾಗುತ್ತದೆ. ಗಂಟೆಗೊಂದು ಪ್ಯಾಡ್ ತೋಯ್ದು ಎರಡು ಗಂಟೆ ಮೀರಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಎದೆಬಡಿತ ಜೋರಾದರೆ ಕಾಯಬೇಡಿ, ರಾತ್ರಿಯಾದರೂ ಸರಿ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ.